ಜಕಾತಿಯಿಂದ ಘರಕುಲದವರೆಗೆ: ನಮ್ಮ ಸಣ್ಣ ಪಟ್ಟಣಗಳೂ ಸರಕಾರಿ ಅನುದಾನವೂ

ಅಕ್ಕಲಕೋಟೆ ತಾಲೂಕಿನಲ್ಲಿ ಮೂರು ಊರುಗಳಿಗೆ ನಗರಪರಿಷತ್ತು ಉಂಟು: ಅಕ್ಕಲಕೋಟೆ, ಮೈಂದರ್ಗಿ ಮತ್ತು ದುಧನಿ. ಹಿರಿಯರ ಬಾಯಲ್ಲಿ ಅದು ಇಂದಿಗೂ 'ಮುನಸಿಪಾಲ್ಟಿ'ಯೇ. ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ನಳ, ಗಟಾರ, ಮನೆಗಳ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಶಾಸನಗಳ, ಮಠಗಳ, ಕವಿಗಳ ಇತಿಹಾಸವನ್ನು ನಮ್ಮ ವಿದ್ವಾಂಸರು ಬಹಳಷ್ಟು ಬರೆದಿದ್ದಾರೆ. ಆದರೆ ಗಡಿನಾಡಿನ ಸಾಮಾನ್ಯ ಕನ್ನಡಿಗನು ಸರಕಾರವನ್ನು ಮುಖಾಮುಖಿಯಾಗಿ ಕಾಣುವುದು ನೀರಿನ ಪಾಳಿಯಲ್ಲಿ ಮತ್ತು ಮನೆಯ ಅರ್ಜಿಯಲ್ಲಿ. ಆ ಇತಿಹಾಸವೂ ನಮ್ಮದೇ. ಒಂದು ಕಾಲಕ್ಕೆ ಸ್ವಂತ ದುಡಿಮೆಯಿಂದ ಬದುಕುತ್ತಿದ್ದ ಸಣ್ಣ ಪಟ್ಟಣ ಇಂದು ಅನುದಾನದ ಮೇಲೆ ನಿಂತಿದೆ. ಅನುದಾನವೋ, ಕಾಗದದ ಮೇಲೆ ನಿಂತಿದೆ. ಆ ಕಾಗದವನ್ನು ಓದಬಲ್ಲವನ ಮನೆಯ ಮಾಳಿಗೆ ಮೊದಲು ಸ್ಲ್ಯಾಬಾಗುತ್ತದೆ.

ಪಟ್ಟಣದ ಸುಧಾರಣೆಗೆ ಮೇಲಿನ ಸರಕಾರ ಹಣ ಕೊಡಬೇಕೆಂಬ ಕಲ್ಪನೆಯೇ ಹಳೆಯ ಕಾಲದಲ್ಲಿ ಇರಲಿಲ್ಲ. 1850ರ 26ನೆಯ ಕಾಯ್ದೆಯಂತೆ ಊರಿನ ನಿವಾಸಿಗಳು ತಾವಾಗಿ ಬಯಸಿದರೆ ಮಾತ್ರ ಪುರಸಭೆ. ಖರ್ಚು ಅವರದೇ ತೆರಿಗೆಯಿಂದ. ಈ ಕಾಯ್ದೆಯ ಉಪಯೋಗವನ್ನು ಹೆಚ್ಚಾಗಿ ಪಡೆದದ್ದು ಮುಂಬಯಿ ಪ್ರಾಂತ. ಸೊಲ್ಲಾಪುರದ ಪುರಸಭೆ 1852ರಲ್ಲಿ ಸ್ಥಾಪನೆಯಾಯಿತು. ಮುಂದೆ 1882ರ ಮೇ 18ರಂದು ಲಾರ್ಡ್ ರಿಪನ್ ಹೊರಡಿಸಿದ ಪ್ರಸಿದ್ಧ ನಿರ್ಣಯವು ಸ್ಥಾನಿಕ ಸ್ವರಾಜ್ಯವನ್ನು ಜನರ ರಾಜಕೀಯ ಶಿಕ್ಷಣವೆಂದು ಕರೆಯಿತು. ಅಧಿಕಾರ ಸ್ವಲ್ಪ ಕೆಳಗಿಳಿಯಿತು, ಆದರೆ ಹಣ ಅದರ ಜೊತೆಗೆ ಇಳಿದು ಬರಲಿಲ್ಲ. ಅಕ್ಕಲಕೋಟೆಯಂತೂ 1948ರವರೆಗೆ ಭೋಸಲೆ ಮನೆತನದ ಸಂಸ್ಥಾನ. ಅಲ್ಲಿ ಊರಿನ ಏಳಿಗೆ ದರಬಾರಿನ ಮನಸ್ಸನ್ನು ಅವಲಂಬಿಸಿತ್ತು.

ಪುರಸಭೆಗಳ ಜೀವಾಳವಾಗಿದ್ದದ್ದು ಜಕಾತಿ. ಊರೊಳಗೆ ಬರುವ ಸರಕಿನ ಮೇಲೆ ನಾಕೆಯಲ್ಲಿ ವಸೂಲಾಗುತ್ತಿದ್ದ ಸುಂಕವದು. ಅಫಜಲಪುರ, ಆಳಂದದ ಕಡೆಯಿಂದ ಜೋಳ, ತೊಗರಿ ಹೇರಿಕೊಂಡು ಬಂದ ಗಾಡಿ ನಾಕೆಯಲ್ಲಿ ನಿಂತು ಪಾವತಿ ಪಡೆದೇ ಪೇಟೆ ಸೇರಬೇಕು. ವ್ಯಾಪಾರಿಗಳಿಗೆ ಅದು ಕಿರುಕುಳ, ನಾಕೆಯ ಕಾರಕೂನನಿಗೆ ಅದು ಮೇಲುಗಳಿಕೆ. ಇದನ್ನು ಯಾರೂ ಅಲ್ಲಗಳೆಯಲಾರರು. ಮಹಾರಾಷ್ಟ್ರ ಸರಕಾರ 1999ರಲ್ಲಿ ನಗರಪರಿಷತ್ತುಗಳ ಕ್ಷೇತ್ರದಲ್ಲಿ ಜಕಾತಿಯನ್ನು ರದ್ದುಪಡಿಸಿ, ಆ ನಷ್ಟಕ್ಕೆ ಬದಲಾಗಿ ಅನುದಾನ ಕೊಡತೊಡಗಿತು. ಗಾಡಿಗಳು ಸರಾಗವಾಗಿ ಓಡಿದವು. ಆದರೆ ಪೇಟೆ ಬೆಳೆದಂತೆ ತಾನಾಗಿ ಬೆಳೆಯುತ್ತಿದ್ದ ಒಂದು ವರಮಾನ ಅಂದಿಗೆ ಮುಗಿಯಿತು. ಉಳಿದದ್ದು ಮನೆಪಟ್ಟಿ, ನಳಪಟ್ಟಿ. ಅವನ್ನು ಏರಿಸಲು ಯಾವ ನಗರಸೇವಕನಿಗೆ ಧೈರ್ಯವುಂಟು?

ಸ್ವಾತಂತ್ರ್ಯಾನಂತರದ ಆರಂಭದ ಯೋಜನೆಗಳೆಲ್ಲ ದೊಡ್ಡ ನಗರಗಳತ್ತ ಮುಖ ಮಾಡಿದ್ದವು. 1952ರಲ್ಲಿ ಕಾರಖಾನೆ ಕಾರ್ಮಿಕರ ವಸತಿ, 1956ರಲ್ಲಿ ಕೊಳಗೇರಿ ನಿರ್ಮೂಲನ, 1972ರಲ್ಲಿ ಕೊಳಗೇರಿಗಳ ಪರಿಸರ ಸುಧಾರಣೆ. ಈ ಕೊನೆಯದು ಪ್ರಾರಂಭವಾದದ್ದು ಕೇವಲ 11 ಮಹಾನಗರಗಳಲ್ಲಿ. ಸಣ್ಣ ಪಟ್ಟಣವೆಂಬುದೊಂದು ಇದೆಯೆಂದು ದಿಲ್ಲಿಗೆ ಹೊಳೆದದ್ದು 1979-80ರಲ್ಲಿ. ಒಂದು ಲಕ್ಷದವರೆಗಿನ ಜನಸಂಖ್ಯೆಯ ಊರುಗಳಿಗಾಗಿ ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಸಮಗ್ರ ಅಭಿವೃದ್ಧಿ ಯೋಜನೆ ಆಗ ಬಂದಿತು. ಹಳ್ಳಿಯವರು ನೇರವಾಗಿ ಮುಂಬಯಿ, ಪುಣೆಗಳಿಗೆ ಗುಳೆ ಹೋಗದೆ ಹತ್ತಿರದ ಪಟ್ಟಣದಲ್ಲೇ ನೆಲೆ ಕಾಣಲಿ ಎಂಬುದು ಅದರ ಉದ್ದೇಶ. ಸದುದ್ದೇಶವೇ ಸರಿ; ಆದರೆ ಕೇಂದ್ರ ಕೊಟ್ಟ ಹಣ ಸಾಲವಾಗಿತ್ತು. ಸಾಲ ತೀರಬೇಕಾದರೆ ಬಾಡಿಗೆ ಬರಬೇಕು. ಬಾಡಿಗೆ ಬರಬೇಕಾದರೆ ಅಂಗಡಿ ಕಟ್ಟಬೇಕು. ಹೀಗಾಗಿ ಅನೇಕ ಪಟ್ಟಣಗಳಲ್ಲಿ ಗಟಾರಕ್ಕಿಂತ ಮೊದಲು ಮುನಸಿಪಾಲ್ಟಿಯ ಮಳಿಗೆಗಳ ಸಾಲು ಎದ್ದಿತು. 1995ರಲ್ಲಿ ಯೋಜನೆಯನ್ನು ಪರಿಷ್ಕರಿಸಿ, 20,000ಕ್ಕಿಂತ ಕಡಿಮೆ ಜನವಸತಿಯ ಊರಿನಿಂದ ಹಿಡಿದು 5 ಲಕ್ಷದವರೆಗೆ ಐದು ವರ್ಗಗಳನ್ನು ಮಾಡಿ, ಕೇಂದ್ರ ಮತ್ತು ರಾಜ್ಯಗಳ ಪಾಲನ್ನು 60:40ರಂತೆ ನಿಗದಿಪಡಿಸಲಾಯಿತು.

ಇದಕ್ಕೂ ತುಸು ಮೊದಲು, 1993-94ರಲ್ಲಿ, 20,000ಕ್ಕಿಂತ ಕಡಿಮೆ ಜನರಿರುವ ಪಟ್ಟಣಗಳಿಗೆಂದೇ ತ್ವರಿತ ನೀರು ಪೂರೈಕೆ ಕಾರ್ಯಕ್ರಮ ಆರಂಭವಾಗಿತ್ತು. ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ರಾಜ್ಯದ ಅರ್ಧದಲ್ಲಿ ಶೇಕಡಾ 5ರಷ್ಟನ್ನು ಊರೇ ಹೊಂದಿಸಬೇಕು. ಐದೆಂದರೆ ಅಲ್ಪವೆನಿಸುತ್ತದೆ. ಸಿಬ್ಬಂದಿಯ ಪಗಾರಕ್ಕೇ ತಡಕಾಡುವ ಪರಿಷತ್ತಿಗೆ ಅದೇ ಬೆಟ್ಟ. ಅದೇ ವರ್ಷ, 1993ರ ಜೂನ್ 1ರಿಂದ, 74ನೆಯ ಸಂವಿಧಾನ ತಿದ್ದುಪಡಿ ಜಾರಿಗೆ ಬಂದು ನೀರು, ರಸ್ತೆ, ಕೊಳಗೇರಿ ಸುಧಾರಣೆ ಮೊದಲಾದ 18 ವಿಷಯಗಳ ಪಟ್ಟಿ ನಗರಸಂಸ್ಥೆಗಳಿಗಾಗಿ ಸಂವಿಧಾನದಲ್ಲೇ ಸೇರಿತು.

ಮನೆಯ ವಿಷಯಕ್ಕೆ ಬರೋಣ. 2001ರಲ್ಲಿ ಬಂದ ವಾಲ್ಮೀಕಿ ಅಂಬೇಡಕರ ಆವಾಸ ಯೋಜನೆಯಲ್ಲಿ ಸಾಮಾನ್ಯ ಪಟ್ಟಣದ ಮನೆಯೊಂದಕ್ಕೆ 40,000 ರೂಪಾಯಿಯ ಮಿತಿ. ಅರ್ಧ ಕೇಂದ್ರದ ಸಹಾಯಧನ, ಉಳಿದರ್ಧ ಸಾಲದಿಂದಲೋ ರಾಜ್ಯದಿಂದಲೋ ಬರಬೇಕು. 2005ರ ಡಿಸೆಂಬರಿನಲ್ಲಿ ಮಹಾನಗರಗಳಿಗೆ ನೆಹರೂ ಹೆಸರಿನ ನವೀಕರಣ ಅಭಿಯಾನವೂ, ಉಳಿದ ಊರುಗಳಿಗೆ ಎರಡು ಅವಳಿ ಯೋಜನೆಗಳೂ ಘೋಷಣೆಯಾದವು. ಅವಳಿಗಳಲ್ಲಿ ಒಂದು ರಸ್ತೆ, ನೀರು, ಗಟಾರಕ್ಕೆ. ಅದರಲ್ಲಿ ಕೇಂದ್ರದ ಪಾಲು ಶೇಕಡಾ 80. ಇನ್ನೊಂದು ಮನೆ ಮತ್ತು ಕೊಳಗೇರಿ ಅಭಿವೃದ್ಧಿಗೆ. ಮಹಾರಾಷ್ಟ್ರದಲ್ಲಿ ಅಭಿಯಾನಕ್ಕೆ ಸೇರಿದವು ಮುಂಬಯಿ, ಪುಣೆ, ನಾಗಪುರ, ನಾಸಿಕ, ನಾಂದೇಡ. 2001ರ ಗಣತಿಯಂತೆ 8 ಲಕ್ಷ 72 ಸಾವಿರ ಜನರಿದ್ದ ಸೊಲ್ಲಾಪುರ ಆ ಪಟ್ಟಿಯಲ್ಲಿ ಬರಲಿಲ್ಲ. ಗಿರಣಿಗಳ ಆ ದೊಡ್ಡ ನಗರವೂ ಕಾಗದದ ಮೇಲೆ ನಮ್ಮೊಡನೆ 'ಸಣ್ಣ ಮತ್ತು ಮಧ್ಯಮ' ಪಂಕ್ತಿಯಲ್ಲೇ ಕುಳಿತಿತು!

ಆ ವಸತಿ ಯೋಜನೆಯ ನಿಯಮಗಳು ಓದತಕ್ಕವು. ಮನೆಗೆ 80,000 ರೂಪಾಯಿಯ ಮಿತಿ; ನೆಲಹರವು 25 ಚದರ ಮೀಟರಿಗೆ ಕಡಿಮೆಯಿರಬಾರದು; ಸಾಧ್ಯವಾದಷ್ಟು ಎರಡು ಕೋಣೆ, ಅಡಿಗೆಮನೆ, ಶೌಚಾಲಯ. ಫಲಾನುಭವಿಯು ಶೇಕಡಾ 12, ದುರ್ಬಲ ವರ್ಗದವನಾದರೆ ಶೇಕಡಾ 10 ತನ್ನ ಕೈಯಿಂದ ಹಾಕಬೇಕು. ಮನೆಯ ಹಕ್ಕು ಹೆಂಡತಿಯ ಹೆಸರಿನಲ್ಲಿ, ಇಲ್ಲವೆ ಇಬ್ಬರ ಹೆಸರಿನಲ್ಲಿ ಇರುವುದು ಲೇಸು. ತಲೆಮಾರುಗಳಿಂದ ಉತಾರದಲ್ಲಿ ಹೆಣ್ಣಿನ ಹೆಸರೇ ಕಾಣದ ನಮ್ಮ ಓಣಿಗಳಲ್ಲಿ, ನನ್ನ ಅಭಿಪ್ರಾಯದಂತೆ, ಎಲ್ಲಕ್ಕಿಂತ ದೊಡ್ಡ ಸುಧಾರಣೆ ಈ ಒಂದು ಸಾಲಿನದು.

ಅನುದಾನವನ್ನು ಕಾಯುತ್ತ ಕೂಡದೆ ಸಂಘಟನೆಯಿಂದ ಎಳೆದು ತಂದವರ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಸೊಲ್ಲಾಪುರದ ಬೀಡಿ ಕಟ್ಟುವ ಹೆಣ್ಣುಮಕ್ಕಳಲ್ಲಿ ತೆಲುಗರು ಬಹುಸಂಖ್ಯಾತರು. ಕನ್ನಡ, ಮರಾಠಿ, ಉರ್ದು ಮಾತನಾಡುವವರೂ ಇದ್ದಾರೆ. ಕಾರ್ಮಿಕ ನಾಯಕ, ಮಾಜಿ ಶಾಸಕ ನರಸಯ್ಯ ಆಡಮ್ ಅವರ ಮುಂದಾಳುತನದಲ್ಲಿ ಸಹಕಾರಿ ಸಂಘ ಕಟ್ಟಿಕೊಂಡು, ದಕ್ಷಿಣ ಸೊಲ್ಲಾಪುರ ತಾಲೂಕಿನ ಕುಂಭಾರಿಯ ಬಯಲಿನಲ್ಲಿ 10,000 ಮನೆಗಳ ವಸತಿಯನ್ನು ಇವರು ನಿರ್ಮಿಸಿಕೊಂಡರು. ವಾರ್ಲಿ ಆದಿವಾಸಿಗಳ ನಡುವೆ ದುಡಿದ ಗೋದೂತಾಯಿ ಪರುಳೇಕರ ಅವರ ಹೆಸರು ಅದಕ್ಕೆ. ಕೇಂದ್ರ, ರಾಜ್ಯ, ಕಾರ್ಮಿಕರು, ಮೂವರ ಪಾಲೂ ಅಲ್ಲಿತ್ತು. 2006ರಲ್ಲಿ ಪ್ರಧಾನಿ ಮನಮೋಹನ ಸಿಂಗ್ ಅವರ ಹಸ್ತದಿಂದ ಮನೆಗಳ ಹಸ್ತಾಂತರವಾಯಿತು.

ಅದರ ಬೆನ್ನಿಗೇ ರೇ ನಗರ. 834 ಕಟ್ಟಡಗಳು, ಒಂದೊಂದರಲ್ಲಿ 36 ಮನೆ. ಒಟ್ಟು 30,000 ಮನೆಗಳು. ಪ್ರಧಾನಿ ನರೇಂದ್ರ ಮೋದಿ 2019ರ ಜನವರಿ 9ರಂದು ಅಡಿಗಲ್ಲಿಟ್ಟು, 2024ರ ಜನವರಿ 19ರಂದು ಮೊದಲ 15,000 ಮನೆಗಳನ್ನು ಅರ್ಪಿಸಿದರು. ಅಡಿಗಲ್ಲಿನ ಸಮಯದಲ್ಲಿ ಅಂದಾಜು ವೆಚ್ಚ 1,811 ಕೋಟಿ. ಕೇಂದ್ರ, ರಾಜ್ಯಗಳ ಸಹಾಯ ಸೇರಿ 750 ಕೋಟಿ. ಹಳೆಯ ಗಣಿತದ ಮಾಸ್ತರನಿಗೆ ಲೆಕ್ಕ ಬಿಡುವುದಿಲ್ಲ: ಮನೆಗೆ ಸರಾಸರಿ 6 ಲಕ್ಷ, ಅನುದಾನ ಎರಡೂವರೆ ಲಕ್ಷ, ಉಳಿದ ಮೂರೂವರೆ ಲಕ್ಷ ಕಾರ್ಮಿಕರ ಉಳಿತಾಯ ಮತ್ತು ಸಾಲದ ಮೇಲೆ ಬಂದಿತು. ಸಾವಿರ ಬೀಡಿಯ ಎಣಿಕೆಯಲ್ಲಿ ಕೂಲಿ ಪಡೆವ ಹೆಂಗಸು ಬ್ಯಾಂಕಿನ ಕಂತು ಕಟ್ಟುತ್ತಾಳೆ. 'ಸರಕಾರ ಪುಕ್ಕಟೆ ಮನೆ ಕೊಟ್ಟಿತು' ಎನ್ನುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಸಣ್ಣ ಪಟ್ಟಣದ ಬಡವನಿಗೆ ಅಂಥ ಸಂಘವಿಲ್ಲ. 2015ರ ಜೂನ್ 25ರಂದು ಪ್ರಾರಂಭವಾದ ಪ್ರಧಾನಮಂತ್ರಿ ಆವಾಸ ಯೋಜನೆಯಲ್ಲಿ ಅವನಿಗೆ ಹೊಂದುವುದು, ಸ್ವಂತ ಜಾಗದಲ್ಲಿ ತಾನೇ ಕಟ್ಟಿಕೊಳ್ಳುವ ಮನೆಗೆ ಕೇಂದ್ರದಿಂದ ಒಂದೂವರೆ ಲಕ್ಷ ರೂಪಾಯಿ ಸಿಗುವ ವಿಭಾಗ. ಜನರ ಬಾಯಲ್ಲಿ ಇದೂ 'ಘರಕುಲ'ವೇ. ಇಲ್ಲಿ 'ಸ್ವಂತ ಜಾಗ' ಎಂಬ ಎರಡು ಶಬ್ದಗಳಲ್ಲೇ ತೊಡಕಿರುವುದು. ಗಾವಠಾಣದ ಮಣ್ಣಿನ ಮಾಳಿಗೆಯ ಮನೆ ಅಜ್ಜನ ಹೆಸರಿನಲ್ಲಿದೆ. ಅಜ್ಜ ತೀರಿ ನಲವತ್ತು ವರ್ಷ. ಮೂವರು ಅಣ್ಣತಮ್ಮಂದಿರು ಗೋಡೆ ಹಾಕಿಕೊಂಡು ಬೇರೆಯಾಗಿದ್ದಾರೆ, ಕಾಗದದಲ್ಲಿ ಬೇರೆಯಾಗಿಲ್ಲ. ಅಕ್ಕತಂಗಿಯರ ಸಹಿ ಇಂಡಿಯಲ್ಲೋ ಕಲಬುರ್ಗಿಯಲ್ಲೋ ಇದೆ. ವಾರಸಾ ನೋಂದಣಿಯಾಗದೆ ಉತಾರ ಬದಲಾಗದು, ಉತಾರವಿಲ್ಲದೆ ಕಂತು ಬಿಡುಗಡೆಯಾಗದು. ಮಳೆಗಾಲಕ್ಕೊಮ್ಮೆ ಮಾಳಿಗೆಗೆ ಮಣ್ಣು ಹಾಕುತ್ತ ಆ ಮನೆಯವರು ಕಾಲ ತಳ್ಳುತ್ತಾರೆ.

ಇದರ ಮೇಲೆ ಭಾಷೆಯ ತೊಡಕು. ನಾನು ಶಾಲೆಯಲ್ಲಿದ್ದ ದಿನಗಳಲ್ಲಿ ಪಾಲಕರು ಮಕ್ಕಳ ದಾಖಲಾತಿಗಿಂತ ಹೆಚ್ಚಾಗಿ ಇಂಥ ನೋಟೀಸುಗಳನ್ನು ಓದಿಸಿಕೊಳ್ಳಲು ಬರುತ್ತಿದ್ದರು. "ಸರ, ಇದರಾಗ ಏನ್ ಬರದಾರ ನೋಡ್ರಿ" ಎಂದು ಮಡಿಸಿದ ಕಾಗದ ಚಾಚುವರು. ಎಷ್ಟೋ ಸಲ ಅರ್ಜಿಯ ಕೊನೆಯ ದಿನ ಕಳೆದೇ ಹೋಗಿರುತ್ತಿತ್ತು. ಮರಾಠಿಯನ್ನು ನಾವೆಲ್ಲ ಪೇಟೆಯಲ್ಲಿ ಆಡುತ್ತೇವೆ, ಅದರ ಮೇಲೆ ನಮಗೆ ಮುನಿಸಿಲ್ಲ. ಆದರೆ ಆಡುವ ಮರಾಠಿ ಬೇರೆ, ಸರಕಾರಿ ಪರಿಪತ್ರದ ಮರಾಠಿ ಬೇರೆ. ಭಾಷಾ ಅಲ್ಪಸಂಖ್ಯಾತರ ಪ್ರಮಾಣ ಶೇಕಡಾ 15ರಿಂದ 20ರಷ್ಟಿರುವ ಪ್ರದೇಶದಲ್ಲಿ ಮುಖ್ಯ ಸೂಚನೆ ಮತ್ತು ನಿಯಮಗಳನ್ನು ಅವರ ಭಾಷೆಯಲ್ಲೂ ಪ್ರಕಟಿಸಬೇಕೆಂಬುದು ರಾಜ್ಯಗಳ ಪುನರ್ವಿಂಗಡಣೆಯ ಕಾಲದಿಂದ ಬಂದ ಒಪ್ಪಿತ ರಕ್ಷಣೆ. ಅಕ್ಕಲಕೋಟೆ ತಾಲೂಕಿನ ಕನ್ನಡಿಗರು ಆ ಪ್ರಮಾಣಕ್ಕಿಂತ ಎಷ್ಟೋ ಹೆಚ್ಚು. ಅದೋನಿ, ರಾಯದುರ್ಗ, ತಾಳವಾಡಿ, ಕಾಸರಗೋಡಿನ ಬಂಧುಗಳಿಗೂ ಈ ರಕ್ಷಣೆ ಅನ್ವಯಿಸುವಂಥದೇ. ಭಾಷೆಯ ಹಕ್ಕೆಂದರೆ ಶಾಲೆಯ ಪಠ್ಯಪುಸ್ತಕಕ್ಕಷ್ಟೇ ನಾವು ಹೋರಾಡಿದೆವು. ಮುನಸಿಪಾಲ್ಟಿಯ ನೋಟೀಸು ಹಲಗೆಯನ್ನು ಕೇಳಿದವರು ವಿರಳ.

ಈಗ ಆವಾಸ ಯೋಜನೆಯ ಎರಡನೆಯ ಆವೃತ್ತಿ 2024ರಿಂದ ನಡೆದಿದೆ. ಜಾಗದ ದಾಖಲೆಯ ಪ್ರಶ್ನೆ ಅದರಲ್ಲೂ ಇದ್ದೇ ಇದೆ. ವಾರಸಾ ನೋಂದಣಿಗೆ ಬೇಕಾದ ಕಾಗದಗಳ ಪಟ್ಟಿಯನ್ನೂ ಘರಕುಲದ ಅರ್ಜಿಯ ನಮೂನೆಯನ್ನೂ ಕನ್ನಡದಲ್ಲಿ ಬರೆಯಿಸಿ ಸಂಘದ ವಾಚನಾಲಯದಲ್ಲಿ ಇರಿಸಲು ಪದಾಧಿಕಾರಿಗಳು ಮನಸ್ಸು ಮಾಡುವುದಾದರೆ, ರವಿವಾರ ಮುಂಜಾನೆ ಬಂದು ಕುಳಿತು ಅರ್ಜಿ ತುಂಬಿಕೊಡಲು ನಾನಂತೂ ಸಿದ್ಧನಿದ್ದೇನೆ. ನಿವೃತ್ತ ಶಿಕ್ಷಕರು ಇನ್ನಿಬ್ಬರು ಜೊತೆಗೂಡಿದರೆ ಮೈಂದರ್ಗಿ, ದುಧನಿಗಳಿಗೂ ವಾರಕ್ಕೊಮ್ಮೆ ಹೋಗಿ ಬರಬಹುದು.