ಕೋಣದ ಹಿಂದಿನ ಹೆಸರು

ನಿಟ್ಟೆಯವರಾದ ನಮಗೆ ಮಿಯ್ಯಾರಿನ ಲವ-ಕುಶ ಜೋಡುಕರೆ ಕಂಬಳ ಹತ್ತಿರದ್ದು. ಮಂಜೊಟ್ಟಿಯ ಬಳಿ ನಿಂತು ಫಲಿತಾಂಶ ಕೇಳಿದವರು ಬಲ್ಲರು: ಮೊದಲು ಕೋಣಗಳ ಮನೆಯ, ಯಜಮಾನರ ಹೆಸರು, ಓಡಿಸಿದವನದು ಕೊನೆಗೆ.

ಈ ಕ್ರಮ ತಲೆಕೆಳಗಾದದ್ದು ೨೦೨೦ರ ಫೆಬ್ರವರಿಯಲ್ಲಿ. ಐಕಳದ ಕರೆಯಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ೧೪೨.೫ ಮೀಟರನ್ನು ೧೩.೬೨ ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ತ್ರೈರಾಶಿ ಹಾಕಿ ನೂರು ಮೀಟರಿಗೆ ೯.೫೫ ಎಂದರು; ಉಸೇನ್ ಬೋಲ್ಟನ ೯.೫೮ ಹಿಂದೆ ಬಿತ್ತು! ಕೆಲವೇ ದಿನಗಳಲ್ಲಿ ನಮ್ಮ ಬಜಗೋಳಿಯ ನಿಶಾಂತ್ ಶೆಟ್ಟರು ವೇಣೂರಿನಲ್ಲಿ ೧೪೩ ಮೀಟರನ್ನು ೧೩.೬೧ ಸೆಕೆಂಡಿನಲ್ಲಿ ಓಡಿದರು. ಕೇಂದ್ರದ ಕ್ರೀಡಾ ಸಚಿವರು ಗೌಡರನ್ನು ಓಟದ ಪರೀಕ್ಷೆಗೆ ಕರೆದರು, ಅವರು ಒಪ್ಪಲಿಲ್ಲ. ಕೆಸರುಗದ್ದೆಯ ಓಟವೇ ಬೇರೆ, ಕೀರ್ತಿ ಕೋಣಗಳದೂ ಹೌದು ಎಂದುಬಿಟ್ಟರು.

ಕನ್ನಡ ಮೇಷ್ಟರಾದ ನಾನು ಲೆಕ್ಕದಲ್ಲಿ ದಡ್ಡ. ಆದರೂ ಗೌಡರೇ ಸರಿಯೆಂದು ನನ್ನ ಅಭಿಪ್ರಾಯ. ಹಗ್ಗದ ವಿಭಾಗದಲ್ಲಿ ಓಡಿಸುವವನನ್ನು ಕೋಣಗಳೇ ಸೆಳೆಯುತ್ತವೆ. ಆ ಸೆಳೆತಕ್ಕೆ ಸರಿಯಾಗಿ, ಕೆಸರಿನಲ್ಲಿ ಜಾರದಂತೆ ಹೆಜ್ಜೆಯಿಡುವುದೇ ಅವನ ವಿದ್ಯೆ. ಕನೆಹಲಗೆಯಲ್ಲಂತೂ ಅವನು ಓಡುವುದೇ ಇಲ್ಲ. ಹಲಗೆಯ ಮೇಲೆ ನಿಂತು, ಅದರ ತೂತುಗಳಿಂದ ಚಿಮ್ಮುವ ನೀರನ್ನು ಮೇಲೆ ಕಟ್ಟಿದ ನಿಶಾನೆಗೆ ಮುಟ್ಟಿಸಬೇಕು. ಅಲ್ಲಿ ಗಡಿಯಾರಕ್ಕೇನು ಕೆಲಸ? ಒಬ್ಬನೇ ಒಂದು ಕಂಬಳದಲ್ಲಿ ಹಲವು ಮನೆಗಳ ಜೋಡಿಗಳನ್ನು ಓಡಿಸುವುದೂ ಉಂಟು. ಪ್ರತಿ ಜೋಡಿಯ ಗುಣ ಬೇರೆ, ಪಳಗಿಸುವ ಬಗೆಯೂ ಬೇರೆ.

೨೦೧೪ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಸಂಕಟಕ್ಕೆ ಸಿಕ್ಕ ಕಂಬಳ, ರಾಜ್ಯದ ತಿದ್ದುಪಡಿ ಕಾನೂನಿನಿಂದ ಉಸಿರಾಡಿತು. ೨೦೨೩ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಆ ಕಾನೂನನ್ನು ಎತ್ತಿಹಿಡಿಯಿತು. ವಾದವೆಲ್ಲ ಕೋಣಗಳ ನೋವಿನದು. ಅದು ತಕ್ಕ ವಾದವೇ. ಓಡಿಸುವವನ ಮೊಣಕಾಲನ್ನು ಕೇಳಿದವರು ಕಡಿಮೆ.

ಮಿಯ್ಯಾರಿಗೆ ಹೋದಾಗಲೆಲ್ಲ ನಾನೀಗ ಆ ಕೊನೆಯ ಹೆಸರು ಕೇಳುವವರೆಗೂ ನಿಲ್ಲುತ್ತೇನೆ.