ಪೆಟ್ರೋಲ್ ಕಾರುಗಳ ನಾಕ್ ಸೆನ್ಸರ್: ಸ್ಥಳ, ದೋಷ ಪತ್ತೆ ಮತ್ತು ಬದಲಾವಣೆ ಕುರಿತು ವಾಹನ ಮಾಲೀಕರಿಗೆ ಮಾಹಿತಿ

1. ಉದ್ದೇಶ

ನೋಂದಣಿಯಾಗಿ 15 ವರ್ಷ ಪೂರೈಸುವ ಖಾಸಗಿ ಕಾರುಗಳ ಮಾಲೀಕರು ನೋಂದಣಿ ಪತ್ರದ ನವೀಕರಣಕ್ಕಾಗಿ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕಾಗಿರುತ್ತದೆ. ಇದಕ್ಕೆ ಮುನ್ನ ವಾಹನವನ್ನು ದುರಸ್ತಿಗೆ ಒಯ್ದಾಗ, ಇಂಜಿನ್ ಎಚ್ಚರಿಕೆ ದೀಪ ಉರಿಯುತ್ತಿರುವುದಕ್ಕೆ ನಾಕ್ ಸೆನ್ಸರ್ ಕಾರಣವೆಂದು ಗ್ಯಾರೇಜಿನಲ್ಲಿ ತಿಳಿಸುವುದುಂಟು. ಪರೀಕ್ಷಿಸದೆ ಸೆನ್ಸರನ್ನು ಬದಲಾಯಿಸಿದಲ್ಲಿ ಮಾಲೀಕರಿಗೆ ಅನಗತ್ಯ ವೆಚ್ಚವಾಗುವುದಲ್ಲದೆ ಮೂಲ ದೋಷವು ಹಾಗೆಯೇ ಉಳಿಯುವ ಸಂಭವವಿದೆ. ಆದುದರಿಂದ ಈ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

2. ನಾಕ್ ಸೆನ್ಸರ್ ಎಂದರೇನು

ಸಿಲಿಂಡರಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವು ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಕ್ರಮವಾಗಿ ಉರಿಯಬೇಕು. ಮಿಶ್ರಣದ ಉಳಿದ ಭಾಗವು ಒತ್ತಡ ಮತ್ತು ಶಾಖದಿಂದ ತಾನಾಗಿ ಒಮ್ಮೆಲೇ ಹೊತ್ತಿಕೊಂಡರೆ ಲೋಹವನ್ನು ಕುಟ್ಟಿದಂತಹ ಸದ್ದು ಉಂಟಾಗುತ್ತದೆ. ಇದನ್ನು ನಾಕಿಂಗ್ ಎನ್ನುತ್ತಾರೆ. ಇದು ತೀವ್ರವಾಗಿ ಮುಂದುವರಿದಲ್ಲಿ ಪಿಸ್ಟನ್, ರಿಂಗ್ ಹಾಗೂ ಹೆಡ್ ಗ್ಯಾಸ್ಕೆಟ್‌ಗಳು ಹಾನಿಗೊಳ್ಳುತ್ತವೆ.

ನಾಕ್ ಸೆನ್ಸರಿನ ಒಳಗೆ ಪೀಜೋ ಸೆರಾಮಿಕ್ ಅಂಶವಿದ್ದು, ಇಂಜಿನ್ ಬ್ಲಾಕಿನ ಕಂಪನವನ್ನು ಅಲ್ಪ ಪ್ರಮಾಣದ ವಿದ್ಯುತ್ ಸಂಕೇತವಾಗಿ ಪರಿವರ್ತಿಸುತ್ತದೆ. ಈ ಸಂಕೇತವನ್ನು ಆಧರಿಸಿ ಇಂಜಿನ್ ನಿಯಂತ್ರಣ ಘಟಕವು ಕಿಡಿ ಹಾರುವ ಸಮಯವನ್ನು ತಡವಾಗಿಸಿ ನಾಕಿಂಗನ್ನು ತಡೆಯುತ್ತದೆ. ಸಂಕೇತವೇ ಬಾರದಿದ್ದಲ್ಲಿ ಘಟಕವು ಸುರಕ್ಷತೆಗಾಗಿ ಕಿಡಿಯ ಸಮಯವನ್ನು ತಡವಾಗಿಯೇ ಇರಿಸುತ್ತದೆ. ಪರಿಣಾಮವಾಗಿ ಎಳೆಯುವ ಶಕ್ತಿ ಕುಂದಿ, ಇಂಧನ ವೆಚ್ಚ ಹೆಚ್ಚುತ್ತದೆ.

3. ಸೆನ್ಸರ್ ಇರುವ ಸ್ಥಳ

ಅ) ನಾಲ್ಕು ಸಿಲಿಂಡರ್‌ಗಳ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಬ್ಲಾಕಿನ ಪಾರ್ಶ್ವದಲ್ಲಿ, ಇನ್‌ಟೇಕ್ ಮ್ಯಾನಿಫೋಲ್ಡ್‌ನ ಕೆಳಗೆ, 2 ಮತ್ತು 3ನೇ ಸಿಲಿಂಡರ್‌ಗಳ ನಡುವೆ ಬೋಲ್ಟಿನಿಂದ ಬಿಗಿದಿರುತ್ತದೆ.

ಆ) ವಿ ಆಕಾರದ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಎರಡು ಸೆನ್ಸರ್‌ಗಳಿರುತ್ತವೆ. ಉದಾಹರಣೆಗೆ, ಟೊಯೊಟಾದ 1ಎಂಝಡ್-ಎಫ್‌ಇ ವಿ-6 ಇಂಜಿನ್‌ನಲ್ಲಿ ಇವು ಇನ್‌ಟೇಕ್ ಮ್ಯಾನಿಫೋಲ್ಡ್‌ನ ಅಡಿಯಲ್ಲಿ, ಎರಡು ಸಾಲು ಸಿಲಿಂಡರ್‌ಗಳ ಮಧ್ಯದ ತಗ್ಗಿನಲ್ಲಿರುತ್ತವೆ. ಇಂತಹ ಇಂಜಿನ್‌ಗಳಲ್ಲಿ ಮ್ಯಾನಿಫೋಲ್ಡನ್ನು ಬಿಚ್ಚಬೇಕಾಗುವುದರಿಂದ ಬಿಡಿಭಾಗದ ಬೆಲೆಗಿಂತ ಕೂಲಿಯೇ ಹೆಚ್ಚಾಗಬಹುದು.

4. ದೋಷ ಪತ್ತೆ

ಡ್ಯಾಶ್‌ಬೋರ್ಡ್‌ನ ಕೆಳಗಿರುವ 16 ಪಿನ್‌ಗಳ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿ ದೋಷ ಸಂಕೇತವನ್ನು ಓದಿಸಬೇಕು. ಪಿ0325 ಎಂದರೆ ಮೊದಲ ಸೆನ್ಸರಿನ ವಿದ್ಯುತ್ ಮಂಡಲದಲ್ಲಿ ದೋಷ. ಪಿ0327 ಎಂದರೆ ಸಂಕೇತ ತೀರಾ ಕಡಿಮೆ. ಪಿ0328 ಎಂದರೆ ತೀರಾ ಹೆಚ್ಚು. ಪಿ0330 ಎರಡನೇ ಸೆನ್ಸರಿನ ಮಂಡಲಕ್ಕೆ ಸಂಬಂಧಿಸಿದೆ. ಮಂಡಲ ಎಂದರೆ ಸೆನ್ಸರ್ ಮಾತ್ರವಲ್ಲ; ತಂತಿ, ಕನೆಕ್ಟರ್ ಮತ್ತು ನಿಯಂತ್ರಣ ಘಟಕವೂ ಅದರಲ್ಲಿ ಸೇರಿವೆ. ಆದುದರಿಂದ ಸಂಕೇತವೊಂದರಿಂದಲೇ ಸೆನ್ಸರ್ ಕೆಟ್ಟಿದೆ ಎಂದು ತೀರ್ಮಾನಿಸತಕ್ಕದ್ದಲ್ಲ. ತಪಾಸಣೆಯು ಈ ಕ್ರಮದಲ್ಲಿರಬೇಕು:

ಅ) ಕನೆಕ್ಟರಿನಲ್ಲಿ ತುಕ್ಕು, ನೀರು ಅಥವಾ ಎಣ್ಣೆ ಸೇರಿದೆಯೇ, ತಂತಿಯನ್ನು ಇಲಿ ಕಡಿದಿದೆಯೇ, ತಂತಿ ಶಾಖದಿಂದ ಕರಗಿದೆಯೇ ಎಂದು ನೋಡುವುದು.

ಆ) ಸೆನ್ಸರಿನ ಬೋಲ್ಟ್ ಸಡಿಲವಾಗಿದೆಯೇ ಎಂದು ಪರಿಶೀಲಿಸುವುದು.

ಇ) ಕನೆಕ್ಟರ್ ಬಿಡಿಸಿ ಮಲ್ಟಿಮೀಟರಿನಿಂದ ಸೆನ್ಸರಿನ ವಿದ್ಯುತ್ ರೋಧವನ್ನು ಅಳೆಯುವುದು. ಇದು ತಯಾರಕರಿಂದ ತಯಾರಕರಿಗೆ ಬಹಳ ವ್ಯತ್ಯಾಸವಾಗುವುದರಿಂದ ಆಯಾ ಇಂಜಿನ್ನಿನ ಸರ್ವೀಸ್ ಕೈಪಿಡಿಯ ಅಂಕಿಯೊಂದಿಗೇ ಹೋಲಿಸಬೇಕು.

ಈ) ಸೆನ್ಸರಿನಿಂದ ನಿಯಂತ್ರಣ ಘಟಕದವರೆಗೆ ತಂತಿಗಳ ಸಂಪರ್ಕವನ್ನು ಪರೀಕ್ಷಿಸುವುದು.

ಉ) ಇಂಜಿನ್ನಿನಲ್ಲಿ ನಿಜವಾಗಿಯೂ ನಾಕಿಂಗ್ ಇದೆಯೇ ಎಂದು ಖಚಿತಪಡಿಸಿಕೊಳ್ಳುವುದು. ಕಡಿಮೆ ಆಕ್ಟೇನ್ ಇಂಧನ, ಸಿಲಿಂಡರಿನಲ್ಲಿ ಕಟ್ಟಿದ ಮಸಿ, ಇಂಜಿನ್ ಅತಿಯಾಗಿ ಕಾಯುವುದು ಮುಂತಾದವು ಇದಕ್ಕೆ ಕಾರಣಗಳು. ಹೀಗಿದ್ದಲ್ಲಿ ಸೆನ್ಸರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ. ಅದನ್ನು ಬದಲಾಯಿಸಿ ಪ್ರಯೋಜನವಿಲ್ಲ.

5. ಬದಲಾವಣೆಯ ವಿಧಾನ

ಅ) ಇಂಜಿನ್ ತಣ್ಣಗಾದ ನಂತರ ಬ್ಯಾಟರಿಯ ಋಣ ತಂತಿಯನ್ನು ಬಿಡಿಸಬೇಕು.

ಆ) ಕನೆಕ್ಟರ್ ಬಿಡಿಸಿ, ಬೋಲ್ಟ್ ಕಳಚಿ, ಹಳೆಯ ಸೆನ್ಸರನ್ನು ತೆಗೆಯಬೇಕು.

ಇ) ಬ್ಲಾಕಿನ ಮೇಲೆ ಸೆನ್ಸರ್ ಕೂರುವ ಜಾಗವನ್ನು ತುಕ್ಕು, ಬಣ್ಣ, ಜಿಡ್ಡು ಇಲ್ಲದಂತೆ ಸ್ವಚ್ಛಗೊಳಿಸಬೇಕು. ತಯಾರಕರು ಸೂಚಿಸದ ವಾಷರನ್ನು ಮಧ್ಯೆ ಇಡಬಾರದು.

ಈ) ಬೋಲ್ಟನ್ನು ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. 8 ಮಿ.ಮೀ. ಬೋಲ್ಟಿನಿಂದ ಕೂರಿಸುವ ಚಪ್ಪಟೆ ಮಾದರಿಯ ಸೆನ್ಸರ್‌ಗಳಿಗೆ ಸಾಮಾನ್ಯವಾಗಿ 20 ನ್ಯೂಟನ್ ಮೀಟರ್ ಸೂಚಿಸಲಾಗಿರುತ್ತದೆ. ಬಿಗಿತ ಹೆಚ್ಚಾದರೂ ಕಡಿಮೆಯಾದರೂ ಸಂಕೇತವು ತಪ್ಪಾಗುತ್ತದೆ.

ಉ) ಕೆಳಗೆ ಬಿದ್ದ ಸೆನ್ಸರನ್ನು ಅಳವಡಿಸಬಾರದು, ಒಳಗಿನ ಸೆರಾಮಿಕ್ ಬಿರುಕು ಬಿಟ್ಟಿರಬಹುದು.

ಊ) ಬ್ಯಾಟರಿ ಜೋಡಿಸಿ, ದೋಷ ಸಂಕೇತವನ್ನು ಅಳಿಸಿ, ವಾಹನವನ್ನು ಚಲಾಯಿಸಿದ ನಂತರ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಬೇಕು.

6. ಮಾಲೀಕರು ಗಮನಿಸಬೇಕಾದ ಅಂಶಗಳು

ಅ) ದೀಪ ಆರಿಸುವ ಸಲುವಾಗಿ ಸೆನ್ಸರಿನ ಬದಲು ರೆಸಿಸ್ಟರ್ ಜೋಡಿಸುವುದಕ್ಕೆ ಒಪ್ಪಬಾರದು. ದೀಪ ಆರಿದರೂ ನಾಕಿಂಗನ್ನು ಗ್ರಹಿಸುವ ವ್ಯವಸ್ಥೆಯೇ ಇಲ್ಲದಂತಾಗಿ ಇಂಜಿನ್ ಹಾನಿಗೊಳ್ಳಬಹುದು.

ಆ) ದುರಸ್ತಿ ಮಾಡದೆ ಸಂಕೇತವನ್ನು ಮಾತ್ರ ಅಳಿಸಿದರೆ ದೀಪವು ಮತ್ತೆ ಹೊತ್ತಿಕೊಳ್ಳುತ್ತದೆ.

ಇ) ಹೊಗೆ ತಪಾಸಣೆಯಲ್ಲಿ ನಿಂತ ವಾಹನದ ಹೊಗೆಯನ್ನು ಮಾತ್ರ ಅಳೆಯಲಾಗುತ್ತದೆ. ಅದರಲ್ಲಿ ತೇರ್ಗಡೆಯಾದ ಮಾತ್ರಕ್ಕೆ ನಾಕ್ ಸೆನ್ಸರ್ ಸರಿಯಿದೆ ಎಂದು ಭಾವಿಸಬಾರದು.

ಈ) ಅದೇ ಮಾದರಿಯ ಸೆನ್ಸರ್ ಅಳವಡಿಸಿದಲ್ಲಿ ನೋಂದಣಿ ಪತ್ರದಲ್ಲಿ ತಿದ್ದುಪಡಿಯ ಅಗತ್ಯವಿರುವುದಿಲ್ಲ. ಆದರೆ ಇಂಜಿನ್ನನ್ನೇ ಬದಲಾಯಿಸುವುದಾದಲ್ಲಿ ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರನ್ವಯ ನೋಂದಣಿ ಪ್ರಾಧಿಕಾರದ ಅನುಮೋದನೆ ಪಡೆಯತಕ್ಕದ್ದು.

ಉ) ತಪಾಸಣೆಯ ಫಲಿತಾಂಶವನ್ನು ಬರಹದಲ್ಲಿ ಪಡೆದು, ಬದಲಾಯಿಸಿದ ಹಳೆಯ ಬಿಡಿಭಾಗವನ್ನು ಹಾಗೂ ರಸೀದಿಯನ್ನು ಕೇಳಿ ಪಡೆಯುವುದು ಸೂಕ್ತ.

ಊ) ಎಚ್ಚರಿಕೆ ದೀಪವು ಮಿನುಗುತ್ತಿದ್ದಲ್ಲಿ ಅಥವಾ ಇಂಜಿನ್ನಿನಿಂದ ಕುಟ್ಟುವ ಸದ್ದು ಜೋರಾಗಿ ಕೇಳಿಬಂದಲ್ಲಿ ವೇಗ ತಗ್ಗಿಸಿ, ಸುರಕ್ಷಿತ ಸ್ಥಳದಲ್ಲಿ ವಾಹನ ನಿಲ್ಲಿಸಿ ತಪಾಸಣೆ ಮಾಡಿಸತಕ್ಕದ್ದು.

ನೋಂದಣಿ ನವೀಕರಣದ ಬಗ್ಗೆ ಹೆಚ್ಚಿನ ವಿವರಗಳಿಗೆ ವಾಹನ ಮಾಲೀಕರು ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.