ಕೀಲಿಯಿಲ್ಲದ ಕೊಂಬು: ಕುಂದಾಪುರ ಸೀಮೆಯ ಒಂದು ಪ್ರಾಚೀನ ವಾದ್ಯದ ವಿಚಾರ

ಕೊಲ್ಲೂರು, ಕೋಟೇಶ್ವರ, ಮಂದಾರ್ತಿ ಮೊದಲಾದ ಕ್ಷೇತ್ರಗಳನ್ನೊಳಗೊಂಡ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ದೇವರ ಉತ್ಸವಗಳಿಗೆ ಗಾಂಭೀರ್ಯವನ್ನೀಯುವ ಕೊಂಬು, ಬೆರಳಿಡಲು ರಂಧ್ರವಾಗಲಿ ಒತ್ತಲು ಕೀಲಿಯಾಗಲಿ ಇಲ್ಲದ ಬಾಗಿದ ಲೋಹದ ಕೊಳವೆಯಾದುದರಿಂದ, ಅದನ್ನು ಅಪೂರ್ಣವಾದ್ಯವೆಂದು ಎಣಿಸುವವರುಂಟು. ಈ ಎಣಿಕೆ ಯುಕ್ತವಲ್ಲವೆಂಬುದೇ ನನ್ನ ಪ್ರತಿಪಾದನೆ.

ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಕೊಂಬಿನ ಜಾತಿಯದೇ ಆದ ಕಾಹಳೆಯನ್ನು ವರ್ಣಿಸುತ್ತ, ಅದು ತಾಮ್ರ, ಬೆಳ್ಳಿ ಅಥವಾ ಚಿನ್ನದ್ದೆಂದೂ, ಮೂರು ಹಸ್ತ ಉದ್ದವೆಂದೂ, ಬಾಯಿ ದತ್ತೂರಿಯ ಹೂವಿನಂತೆ ಅರಳಿರುವುದೆಂದೂ, ‘ಹಾ’ ‘ಹೂ’ ಎಂಬ ವರ್ಣಗಳಿಂದ ವೀರರ ಬಿರುದನ್ನು ಸಾರುವುದೆಂದೂ ಹೇಳಿದ್ದಾನೆ. ರಾಗವಿಸ್ತಾರದ ಕೆಲಸವನ್ನು ಆತನು ಅದಕ್ಕೆ ವಹಿಸಿಲ್ಲವೆಂಬುದು ಗಮನಾರ್ಹ. ಕನ್ನಡನಾಡಿನ ಮಾಂಡಲಿಕರು ತಮ್ಮ ಶಾಸನಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವ ಪಂಚಮಹಾಶಬ್ದಗಳನ್ನು ‘ವಿವೇಕಚಿಂತಾಮಣಿ’ ಎಂಬ ಗ್ರಂಥವು ಶೃಂಗ (ಎಂದರೆ ಕೊಂಬು), ತಮ್ಮಟ, ಶಂಖ, ಭೇರಿ, ಜಯಘಂಟೆಗಳೆಂದು ಎಣಿಸುವಲ್ಲಿಯೂ ಕೊಂಬು ಅಧಿಕಾರದ ಧ್ವನಿಯೇ ಆಗಿದೆ.

ಇನ್ನು ವಾದನಕ್ರಮ. ಊದುಬಾಯಿಗೆ ತುಟಿಗಳನ್ನು ಒತ್ತಿ ಉಸಿರನ್ನು ನೂಕಿದಾಗ ಕಂಪಿಸುವುದು ತುಟಿಗಳೇ. ಕೊಳವೆಯೊಳಗಿನ ಗಾಳಿಯು ತನ್ನ ಉದ್ದಕ್ಕೆ ಒಪ್ಪುವ ಕಂಪನಗಳನ್ನು ಮಾತ್ರ ಅಂಗೀಕರಿಸಿ ಮಿಕ್ಕವನ್ನು ತಿರಸ್ಕರಿಸುತ್ತದೆ. ಶಾರ್ಙ್ಗದೇವನ ಮೂರು ಹಸ್ತವನ್ನು ನಾಲ್ಕೂವರೆ ಅಡಿಯೆಂದು ಹಿಡಿದು, ಕೊಳವೆಯು ಬುಡದಿಂದ ಬಾಯಿಯವರೆಗೆ ಕ್ರಮವಾಗಿ ಹಿಗ್ಗುವುದೆಂದು ಭಾವಿಸಿ ಗಣಿಸಿದರೆ, ಮೂಲಸ್ವರವು ಸೆಕೆಂಡಿಗೆ ಸುಮಾರು 125 ಕಂಪನಗಳಾಗುತ್ತದೆ. ಅದರ ಇಮ್ಮಡಿಯಾದ 250ನ್ನು ಷಡ್ಜವೆಂದಿಟ್ಟುಕೊಂಡರೆ, 375ರಲ್ಲಿ ಪಂಚಮವೂ, 500ರಲ್ಲಿ ತಾರಷಡ್ಜವೂ, 625ರಲ್ಲಿ ಅಂತರಗಾಂಧಾರವೂ, 750ರಲ್ಲಿ ಮೇಲಣ ಪಂಚಮವೂ ತಾವಾಗಿ ಒದಗುತ್ತವೆ. ಈ ಮೆಟ್ಟಿಲುಗಳಲ್ಲಿ ಬೇಕಾದುದರ ಮೇಲೆ ನಿಲ್ಲುವುದು ತುಟಿಯ ಬಿಗಿಯಿಂದ, ಉಸಿರಿನ ವೇಗದಿಂದ. ಮೇಲೇರಿದಂತೆ ಮೆಟ್ಟಿಲುಗಳು ಒತ್ತಾಗುವುದರಿಂದ ತುಟಿ ಎಳ್ಳಷ್ಟು ಸಡಲಿದರೂ ಸ್ವರ ಜಾರುತ್ತದೆ. ಕೀಲಿಗಳು ಇದ್ದಿದ್ದರೆ ಬೆರಳುಗಳಿಗೆ ಹಂಚಿಹೋಗುತ್ತಿದ್ದ ಶ್ರಮವೆಲ್ಲ ಇಲ್ಲಿ ತುಟಿಯೊಂದರ ಮೇಲೆಯೇ ಬೀಳುವುದರಿಂದ, ಕರಾವಳಿಯ ದೇವಾಲಯಗಳ ವಾದ್ಯಸೇವೆಯನ್ನು ವಂಶಪರಂಪರೆಯಾಗಿ ನಡೆಸಿಕೊಂಡು ಬಂದಿರುವ ದೇವಾಡಿಗ ಮನೆತನಗಳ ಈ ವಿದ್ಯೆಯನ್ನು ಸುಲಭವೆಂದು ಬಗೆಯುವುದು ಅನ್ಯಾಯ.

ಯುರೋಪಿನ ಕೊಂಬುಗಳೂ ಬಹುಕಾಲ ಹೀಗೆಯೇ ಇದ್ದವು. ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ಡ್ರೆಸ್ಡನ್ನಿನ ಕೊಂಬುವಾದಕ ಹಾಂಪೆಲನು ಅಗಲಬಾಯಿಯೊಳಗೆ ಅಂಗೈಯಿಟ್ಟು ನಡುವಣ ಸ್ವರಗಳನ್ನು ಹೊರಡಿಸುವ ಕ್ರಮವನ್ನು ರೂಢಿಸಿದನೆನ್ನುತ್ತಾರೆ. 1818ರಲ್ಲಿ ಸ್ಟೋಲ್ಸೆಲ್, ಬ್ಲ್ಯೂಮೆಲರು ಕೀಲಿಗೆ ಪ್ರಶ್ಯದಲ್ಲಿ ಹಕ್ಕುಪತ್ರ ಪಡೆದರು. ಯುರೋಪಿನವರಿಗೆ ವಾದ್ಯವೃಂದದ ರಾಗಸಂಚಾರದಲ್ಲಿ ಕೊಂಬೂ ಕೂಡಬೇಕಾಗಿತ್ತು. ನಮ್ಮಲ್ಲಿ ಅಗಲಬಾಯಿ ತಲೆಯ ಮೇಲಕ್ಕೆ ಎತ್ತಿ ನಿಲ್ಲುವುದರಿಂದ ಕೈಯಿಡುವ ಪ್ರಶ್ನೆಯೇ ಏಳದು. ರಾಗವನ್ನು ನಾಗಸ್ವರವು ಹೊತ್ತಿರುವಾಗ, ಕೊಂಬಿಗೆ ಉಳಿದದ್ದು ದೂರದ ಗದ್ದೆಬಯಲಿನವರೆಗೆ ದೇವರ ಆಗಮನವನ್ನು ಸಾರುವ ಕಾರ್ಯ, ಅದಕ್ಕೆ ಷಡ್ಜಪಂಚಮಗಳೇ ಸಾಕು.